ತಳ ಹೆರೆಯದ ಹೂಜಿ

ಹತ್ತಿರ ಬನ್ನಿ, ಹತ್ತಿರ ಬನ್ನಿ. ಆ ಮೂಲೇಲಿ ಗುಸುಗುಸು ಅನ್ನೋರು ಬಾಯಿ ಮುಚ್ಕೊಳ್ಳಿ. ನಾನು ನಿಲ್ಲಿಸಿದಾಗೆಲ್ಲ ಹೂಂ ಅನ್ನಬೇಕು. ಹೂಂ ಅನ್ನದೋರಿಗೆ ಕಥೆ ಹೇಳೋದು ಗೋರ್ಕಲ್ಲ ಮೇಲೆ ಮಳೆ ಸುರಿದಂಗೆ.

ಕಾಲಕ್ಕೆ ಲೆಕ್ಕ ಇರಲಿಲ್ಲ, ಊರಿಗೆ ಹೆಸರಿರಲಿಲ್ಲ. ಅಂಥದೊಂದು ಊರು. ಅಲ್ಲಿ ಎಲ್ಲಾ ಇತ್ತು, ನೀರು ಮಾತ್ರ ಇರಲಿಲ್ಲ. ನೀರು ಬೇಕು ಅಂದರೆ ಒಂದು ದಿಬ್ಬ ಹತ್ತಬೇಕು, ಎರಡು ದಿಬ್ಬ ಹತ್ತಬೇಕು, ಮೂರು ದಿಬ್ಬ ಹತ್ತಿ ಇಳೀಬೇಕು. ಆಚೆಗೊಂದು ಬಾವಿ. ಕೊಡದಲ್ಲಿ ತಂದರೆ ಅರ್ಧ ತುಳುಕಿ ಹೋಗೋದು. ಅದಕ್ಕೇ ಎಲ್ಲರ ಮನೇಲೂ ಹೂಜಿ. ಹೊಟ್ಟೆ ದಪ್ಪ, ಕತ್ತು ಸಣ್ಣ.

ಹೂಜಿ ಮಾಡೋನು ದ್ಯಾವಶೆಟ್ಟಿ ಅಂತ ಕುಂಬಾರ. ಅವನ ಹೆಂಡತಿ ಪುಟ್ಟತಾಯಿ. ಒಬ್ಬನೇ ಮಗ, ಗಾಡಿ ತುಂಬ ಮಡಕೆ ಹೇರ್ಕೊಂಡು ಸಂತೆ ಸಂತೆ ತಿರುಗೋನು. ಸೊಸೆ ನಿಂಗಾಜಿ, ಅವಳೂ ಕುಂಬಾರರ ಮನೆ ಮಗಳೇ. ಆ ಸೀಮೇಲಿ ಒಂದು ಕಟ್ಟಳೆ. ಹೆಂಗಸರು ಮಡಕೆ ಮಾಡೋ ಚಕ್ರ, ಆ ತಿಗರಿ ಮುಟ್ಟಂಗಿಲ್ಲ, ಗಂಡಸರು ನೀರು ಹೊರಂಗಿಲ್ಲ. ಮಾಡೋನು ಹೊರಲ್ಲ, ಹೊರೋಳು ಮಾಡಲ್ಲ. ಯಾವ ಪುಣ್ಯಾತ್ಮ ಮಾಡಿದ ಕಟ್ಟಳೆಯೋ, ಅವನಂತೂ ನೀರು ಹೊತ್ತೋನಲ್ಲ ಬಿಡಿ.

ತಿಗರಿ ಮೇಲೆ ಎತ್ತಿದ ಹೂಜಿ ತಳದಲ್ಲಿ ಮಣ್ಣು ದಪ್ಪಗೆ ಉಳೀತದೆ. ಅರೆ ಒಣಗಿದ ಮೇಲೆ ಬೋರಲು ಹಾಕಿ ಹೆರೆದು ತೆಗೀಬೇಕು. ಅಗಲ ಬಾಯಿ ಮಡಕೆ ಆದರೆ ಬೋರಲು ನಿಲ್ತದೆ. ಹೂಜಿ ನಿಲ್ತದಾ? ನಿಲ್ಲಲ್ಲ. ಅದಕ್ಕೆ ನಾವು ತಲೆ ಮೇಲೆ ಇಟ್ಕೊಳ್ಳೋ ಸಿಂಬಿ ಥರ, ಮಣ್ಣಲ್ಲೇ ಒಂದು ಎತ್ತರದ ಸಿಂಬಿ ಮಾಡಿ ತಿಗರಿ ಮೇಲೆ ಕೂರಿಸ್ತಾರೆ. ಹೂಜಿ ಕತ್ತನ್ನ ಅದರೊಳಕ್ಕೆ ಇಳಿಬಿಟ್ಟು, ತಿಗರಿ ತಿರುಗಿಸಿ, ತಳ ಹೆರೀತಾರೆ. ಎಷ್ಟು ಹೆರೀಬೇಕು? ಒಳಕ್ಕೆ ಕೈ ಹೋಗಲ್ಲ, ಕಣ್ಣು ಹೋಗಲ್ಲ. ಬೆರಳಲ್ಲಿ ತಟ್ಟಿ ಸದ್ದು ಕೇಳಬೇಕು. ಕಡಿಮೆ ಹೆರೆದರೆ ಭಾರ, ಜಾಸ್ತಿ ಹೆರೆದರೆ ಸೋರು.

ದ್ಯಾವಶೆಟ್ಟಿಗೆ ಮೀಸೆ ಚಿಗುರೋ ವಯಸ್ಸಲ್ಲಿ ಕೈ ಮೇಲೆ ಬಲು ಜಂಬ ಇತ್ತು. ಈರುಳ್ಳಿ ಸಿಪ್ಪೆ ಹಂಗೆ ತಳ ಹೆರೆದು ಒಂದು ಹೂಜಿ ಮಾಡಿದ. ಅದೇ ಹೊತ್ತಲ್ಲಿ ಅವನ ಅವ್ವ ಸಾಯೋಕೆ ಮಲಗಿದ್ದಳು. ನೆರೆಮನೆಯವಳು ಆ ಹೂಜಿ ತುಂಬಿಸಿ ಮೂಲೇಲಿಟ್ಟು ಹೋದಳು. "ನೀರು ಮಗ" ಅಂದಳು ಅವ್ವ. ಓಡಿಹೋಗಿ ತಂದು ಬಾಯಿಗೆ ಬಗ್ಗಿಸಿದ. ಒಂದು ತೊಟ್ಟೂ ಬೀಳಲಿಲ್ಲ. ನೀರೆಲ್ಲ ತಳದಿಂದ ಜಿನುಗಿ ನೆಲ ಕುಡಿದಿತ್ತು.

"ಬರಿದು ತಂದ್ಯಾ ಮಗ?" ಅಂದಳು. ಅದೇ ಕೊನೇ ಮಾತು.

ಅಯ್ಯೋ, ಹೆತ್ತವಳ ಬಾಯಿ ಒಣಗಿಸಿ ಕಳಿಸಿದ ಮಗನ ಹೊಟ್ಟೆ ಎಷ್ಟು ಉರಿದಿರಬೇಕು! ಆ ಮಣ್ಣಿನ ಸಿಂಬೀನ ಕಲ್ಲಿಗೆ ಅಪ್ಪಳಿಸಿದ. "ಇನ್ನು ನಾನಿರೋವರೆಗೂ ಹೂಜಿ ತಳ ಹೆರೆಯಲ್ಲ" ಅಂತ ಆಣೆ ಇಟ್ಟ. ಹಾಲು ಕುಡಿದು ಬಾಯಿ ಸುಟ್ಕೊಂಡೋನು ಮಜ್ಜಿಗೇನೂ ಊದಿ ಕುಡಿದನಂತೆ. ಆವತ್ತಿಂದ ಅವನ ಹೂಜಿ ತಳ ಎರಡು ಬೆರಳು ದಪ್ಪ. ಒಂದೂ ಸೋರಲಿಲ್ಲ. ಊರೆಲ್ಲ ಕೊಂಡಾಡಿತು. ಹೊತ್ತ ಹೆಂಗಸರು ಮಾತ್ರ ಮಾತಾಡಲಿಲ್ಲ.

ನಿಂಗಾಜಿ ಮೊದಲು ಬಸುರಾದಳು. ತುಂಬಿದ ಹೂಜಿ ಹೊತ್ತು ಎರಡನೇ ದಿಬ್ಬ ಹತ್ತಿದಳು, ಬಸಿರು ನಿಲ್ಲಲಿಲ್ಲ. ಮಾವ ಅಂದ, "ಹಣೆಬರಹ." ಮತ್ತೆ ಬಸುರಾದಳು. ಮತ್ತೆ ಅದೇ ಹೂಜಿ, ಅದೇ ದಿಬ್ಬ, ನಿಲ್ಲಲಿಲ್ಲ. ಮಾವ ಅಂದ, "ಹಣೆಬರಹ." ಮೂರನೇ ಸಲ ಬಸುರಾದಾಗ ಸೆರಗು ಬಿಗಿ ಮಾಡ್ಕೊಂಡು ಬಂದು ನಿಂತಳು.

"ಮಾವ, ಹೂಜಿ ತಳ ಚೂರು ಹೆರೆದುಕೊಡಿ. ನನ್ನ ಕೈಲಿ ಆಗ್ತಿಲ್ಲ."

"ಅವ್ವನ ಮೇಲೆ ಆಣೆ ಇಟ್ಟೀನಿ ಕಣವ್ವ."

"ಈ ಮಗೂನೂ ಹೋದರೆ?"

ಅವನು ಬಗ್ಗಿ ತಿಗರಿ ತಿರುಗಿಸಿದ.

ಐದು ತಿಂಗಳು ತುಂಬಿ ಆರಕ್ಕೆ ಬಿದ್ದಿತ್ತು. ಒಂದು ಬೆಳಿಗ್ಗೆ ಖಾಲಿ ಹೂಜಿ ಎತ್ಕೊಂಡು ಹೊಸಲು ದಾಟಿದಳು ನೋಡಿ, ನೋವು ಹಿಡೀತು. ಕುಸಿದು ಕೂತಳು. ಸೂಲಗಿತ್ತಿ ಚೌಡವ್ವ ಓಡಿಬಂದು ಮಲಗಿಸಿದಳು. "ಯಾರೂ ಇವಳನ್ನ ಕದಲಿಸಬೇಡಿ. ನೀರು ತನ್ನಿ" ಅಂದಳು. ಮನೇಲಿ ಒಂದು ತೊಟ್ಟು ನೀರಿಲ್ಲ. ಊರ ಹೆಂಗಸರೆಲ್ಲ ರಾಗಿ ಕುಯ್ಲಿಗೆ ಹೋಗಿದ್ದಾರೆ. ಪುಟ್ಟತಾಯಿ ಸೊಸೆ ತಲೆ ತೊಡೆ ಮೇಲಿಟ್ಕೊಂಡು ಕೂತವಳೆ. ಇನ್ಯಾರಿದ್ದಾರೆ?

ದ್ಯಾವಶೆಟ್ಟಿ ಹೂಜಿ ಎತ್ಕೊಂಡ. ಕಟ್ಟಳೆ ಅಂತೆ ಕಟ್ಟಳೆ, ಪ್ರಾಣಕ್ಕಿಂತ ದೊಡ್ಡದಾ?

ಬಾವೀಲಿ ತುಂಬಿಸಿ ತಲೆ ಮೇಲಿಟ್ಟ. ತಾನೇ ಮಾಡಿದ್ದು, ತುಂಬಿದ್ದನ್ನ ಎತ್ತಿದ್ದು ಅದೇ ಮೊದಲು. ಒಂದನೇ ದಿಬ್ಬದಲ್ಲಿ ಕತ್ತು ಎದೆಯೊಳಕ್ಕೆ ಇಳಿದಂಗಾಯ್ತು. ಎರಡನೇ ದಿಬ್ಬದಲ್ಲಿ ಕಣ್ಣು ಕತ್ತಲೆ ಬಂತು, ಇಳಿಸಿ ಚೂರು ನೀರು ಚೆಲ್ಲಿದ. ಮೂರನೇ ದಿಬ್ಬದಲ್ಲಿ ಮೊಣಕಾಲು ಮಡಚಿತು, ಇಳಿಸಿ ಇನ್ನಷ್ಟು ಚೆಲ್ಲಿದ. ಮನೆ ಮುಟ್ಟೋ ಹೊತ್ತಿಗೆ ಅರ್ಧ ಹೂಜಿ.

ಚೌಡವ್ವ ಬಗ್ಗಿಸಿ ನೋಡಿದಳು. "ಇಷ್ಟೇನಾ? ಹೂಜಿ ಸೋರ್ತಾ ಶೆಟ್ರೇ?"

"ಸೋರಲಿಲ್ಲ ಕಣವ್ವ" ಅಂದ. "ಹೊರಕ್ಕಾಗದೆ ನಾನೇ ಚೆಲ್ಲಿದೆ."

ಕೇಳಿದ್ರಾ? ತೆಳ್ಳಗೆ ಮಾಡಿದಾಗ ಅವ್ವನಿಗೆ ನೀರಿಲ್ಲ. ದಪ್ಪಗೆ ಮಾಡಿದಾಗ ಸೊಸೆಗೆ ಸಾಲೋಷ್ಟು ನೀರಿಲ್ಲ. ಆಣೆ ಇಟ್ಟು ಏನು ಉಳಿಸಿದ ಆ ಮನುಷ್ಯ? ಹೂಂ ಅನ್ನಿ.

ಹೆಂಡತಿ ಕಡೆ ತಿರುಗಿದ. "ಇಷ್ಟು ವರ್ಷ ಇದನ್ನ ಹೆಂಗೆ ಹೊತ್ತೆಯೇ?"

ಪುಟ್ಟತಾಯಿ ತಲೆ ಎತ್ತಲಿಲ್ಲ. "ನಿಮ್ಮ ಮಗನಿಗಿಂತ ಮುಂಚೆ ಎರಡು ಬಸಿರು ಹೋದವಲ್ಲ. ಅವೂ ಆ ಎರಡನೇ ದಿಬ್ಬದಲ್ಲೇ ಹೋದದ್ದು. ನೀವು ಹಣೆಬರಹ ಅಂದ್ರಿ. ನಾನೂ ಹೂಂ ಅಂದೆ."

ದ್ಯಾವಶೆಟ್ಟಿ ಗೋಡೆಗೆ ಹಣೆ ಚಚ್ಚಿಕೊಂಡು ಅತ್ತ.

ಸಂಜೆ ಹೊತ್ತಿಗೆ ನೋವು ನಿಂತಿತು, ಬಸಿರು ಉಳೀತು. ಚೌಡವ್ವ ಹೇಳಿ ಹೋದಳು, "ಹೆರಿಗೆ ಆಗೋವರೆಗೂ ಇವಳು ಒಂದು ಚೊಂಬೂ ಎತ್ತಕೂಡದು. ಎತ್ತಿದಳೋ, ಇದೂ ಕೈ ಬಿಡ್ತದೆ." ಇನ್ನು ನೀರು ಹೊರೋರು ದ್ಯಾವಶೆಟ್ಟಿ, ಇಲ್ಲ ಮುದುಕಿ ಪುಟ್ಟತಾಯಿ. ಬೆಳಗಾಗ್ತಲೇ ಮಣ್ಣು ಕಲಸಿ ಸಿಂಬಿ ಮಾಡಿ ತಿಗರಿ ಮೇಲೆ ಕೂರಿಸಿದ. ಅರೆ ಒಣಗಿದ ಹೂಜೀನ ಅದರಲ್ಲಿ ಬೋರಲು ಇಳಿಬಿಟ್ಟ. ಹೆರೆಯೋಕೆ ಕೈ ಇಟ್ಟ. ಎಲ್ಲಿ ನಿಲ್ಲಿಸಬೇಕು? ಕಿವಿಯಲ್ಲಿ ಅವ್ವನ ಮಾತೊಂದೇ. ಒಂದಿಷ್ಟು ಹೆರೆದು ತಟ್ಟಿದ. ಡೊಬ್.

ಒಳಮನೆಯಿಂದ ಮಲಗಿದ್ದಲ್ಲೇ ನಿಂಗಾಜಿ ಕೂಗಿದಳು, "ಇನ್ನೂ ಹೆರೀರಿ ಮಾವ."

ಹೆರೆದು ತಟ್ಟಿದ. ಡಂಬ್.

"ಇನ್ನೊಂಚೂರು. ಹೆದರಬೇಡಿ, ನಾನು ಕೇಳ್ತಾ ಇದೀನಿ."

ಉಸಿರು ಬಿಗಿ ಹಿಡಿದು ಹೆರೆದು ತಟ್ಟಿದ. ಟಣ್.

"ಸಾಕು ಮಾವ. ಕೈ ತೆಗೀರಿ!"

ತೆಗೆದ. ಅವಳು ತಿಗರಿ ಮುಟ್ಟಲಿಲ್ಲ, ಮೇಲೂ ಏಳಲಿಲ್ಲ. ಅಪ್ಪನ ಮನೇಲಿ ಗೋಡೆ ಆಚೆ ಕೂತು ಆ ಸದ್ದು ಕೇಳ್ತಾ ಬೆಳೆದೋಳು ಅವಳು. ಹೂಜೀನ ಆವಿಗೇಲಿ ಸುಟ್ಟು, ನೀರು ತುಂಬಿಸಿ ಒಂದು ರಾತ್ರಿ ಇಟ್ಟರು. ಬೆಳಿಗ್ಗೆ ದ್ಯಾವಶೆಟ್ಟಿ ನೆಲ ಸವರಿ ನೋಡಿದ. ನೆಲ ಒಣಗಿತ್ತು.

ತಿಂಗಳು ತುಂಬಿ ಹೆಣ್ಣು ಮಗು ಹುಟ್ಟಿತು. ಬೆಳೀತು. ತಾತನ ಹಿಂದೆ ಬಾವಿಗೆ ಬರೋಷ್ಟಾಯ್ತು. ಒಂದಿನ ತಾತ ಅವಳಿಗಂತಲೇ ಮಾಡಿದ ಪುಟ್ಟ ಹೂಜಿ ತುಂಬಿಸಿ ತಲೆ ಮೇಲಿಟ್ಟ. ಹುಡುಗಿ ನಾಕು ಹೆಜ್ಜೆ ಇಟ್ಟು, ಭಾರವೇ ಇಲ್ಲವಲ್ಲ ಅಂತ ನಿಂತಳು. ಮುಖ ಸಣ್ಣಗೆ ಮಾಡ್ಕೊಂಡು ಕೇಳಿದಳು:

"ಬರಿದು ಹೊರಿಸಿದ್ಯಾ ತಾತ?"

ದ್ಯಾವಶೆಟ್ಟಿ ಅಲ್ಲೇ ಬಾವಿಕಟ್ಟೆ ಮೇಲೆ ಕೂತುಬಿಟ್ಟ. ಕಣ್ಣಲ್ಲಿ ನೀರು ಇಳೀತಿತ್ತು.

"ಇಲ್ಲ ಕಣವ್ವ" ಅಂದ. "ತುಂಬಿದೆ."

ಇವತ್ತಿಗೂ ಆ ಸೀಮೇಲಿ ಕುಂಬಾರ ಯಾರಿಗಾದರೂ ಹೂಜಿ ಕೊಡೋ ಮುಂಚೆ, ತುಂಬಿಸಿ ತಾನೇ ಹೊತ್ತು ಮೂರು ದಿಬ್ಬ ದಾಟ್ತಾನಂತೆ. ಹೊತ್ತೋರಿಗೇ ಗೊತ್ತು ಹೊರೆ ಭಾರ. ನಾನು ಹೊತ್ತು ತಂದ ಕಥೆ ಇಗೋ, ನಿಮ್ಮ ಮುಂದೆ ಇಳಿಸಿದೆ. ಎತ್ಕೊಳ್ಳೋರು ಎತ್ಕೊಳ್ಳಿ, ನಿದ್ದೆ ಬಂದೋರು ಮಲಕ್ಕೊಳ್ಳಿ.