ಹಣೆಗೆ ಕಟ್ಟುವ ಕ್ಯಾಮೆರಾ ಆರಿಸಿದ ಬಗೆ ಮತ್ತು ಅದು ಈಗ ಇರುವ ಜಾಗ

ಇಂದು ದಿನಾಂಕ 17-01-2018 ಬುಧವಾರ ಮಧ್ಯಾಹ್ನ 2.50 ಗಂಟೆಗೆ ನಮ್ಮ ಮನೆಯ ಜಗಲಿಯಿಂದ ‘ಟೀಂ’ ಎಂದು ಬಂದ ಸಣ್ಣ ಶಬ್ದಕ್ಕೆ ಎಚ್ಚರವಾದವಳು ನಾನು, ಧನ್ಯಶ್ರೀ, ಪ್ರಾಯ 26 ವರ್ಷ, ಗಂಡ ರತನ್, ಓದು ಬಿ.ಕಾಂ., ಕೆಲಸ ಮನೆವಾರ್ತೆ, ವಾಸ ತ್ರಾಸಿ ಕಡಲಬದಿ, ಕುಂದಾಪುರ ತಾಲೂಕು. ಆ ಶಬ್ದ ಯಾವುದರದ್ದೆಂದು ಆಗ ತಿಳಿಯಲಿಲ್ಲ. ಸಂಜೆ ತಿಳಿಯಿತು. ಆದ್ದರಿಂದ ರಾತ್ರಿ 8.15ಕ್ಕೆ ಮಗುವನ್ನು ಎತ್ತಿಕೊಂಡು ಠಾಣೆಗೆ ಹಾಜರಾಗಿ ಈ ಮೂಲಕ ತಿಳಿಸುವುದೇನೆಂದರೆ,

ನಾನು ಗಂಡ ರತನ್ (31), ಮಾವ ನಾಗ (57), ಅತ್ತೆ ವನಜ ಹಾಗೂ ಎಂಟು ತಿಂಗಳ ಮಗಳು ಮೋಕ್ಷಿತಾ ಇವರೊಂದಿಗೆ ವಾಸವಾಗಿದ್ದೇನೆ. ಗಂಡ ಮತ್ತು ಮಾವ ಗಂಗೊಳ್ಳಿ ಬಂದರಿನ ಭೋಜರಾಜ ಎಂಬವರ ಬೋಟಿನಲ್ಲಿ ಮೀನುಗಾರಿಕೆಗೆ ಹೋಗುತ್ತಾರೆ. ಬೋಟನ್ನು ನೀರಿನಡಿಯಿಂದ ಓಡಿಸುವ ಫ್ಯಾನಿಗೆ ಬಲೆ ಸುತ್ತಿಕೊಂಡರೆ ಅಡಿಗೆ ಮುಳುಗಿ ಬಿಡಿಸುವ ಕೆಲಸ ನನ್ನ ಗಂಡನದ್ದು. ಇಂದು ಬೆಳಿಗ್ಗೆ ಹೀಗೆ ಮುಳುಗಿದಾಗ ಇನ್ನೊಂದು ಬೋಟಿನ ಗುಣಪಾಲ ಎಂಬವರ ಬಲೆಯನ್ನು ಕತ್ತಿಯಿಂದ ಕಡಿದಿದ್ದಾರೆ ಎಂಬ ದೂರಿನ ಮೇಲೆ ಅವರನ್ನು ಸಂಜೆ ಠಾಣೆಗೆ ಕರೆತರಲಾಗಿದೆ. ಕಡಿದರೋ ಇಲ್ಲವೋ ಎಂಬುದು ಅವರ ಹಣೆಯ ಮೇಲಿದ್ದ ಕ್ಯಾಮೆರಾದಲ್ಲಿದೆ. ಆ ಕ್ಯಾಮೆರಾ ಈಗ ಸಮುದ್ರದಲ್ಲಿದೆ.

ಮೀನು ಹಿಡಿಯುವವರಿಗೆ ಹಣೆಗೆ ಕ್ಯಾಮೆರಾ ಎಂತಕ್ಕೆ ಎಂದು ಹೇಳಿಕೆ ಬರೆದುಕೊಳ್ಳುವವರು ಕೇಳಿದ್ದರಿಂದ ಅದನ್ನೂ ತಿಳಿಸುತ್ತೇನೆ. ಹೆರಿಗೆಯಾದ ಮೇಲೆ ನನಗೆ ಸರಿಯಾಗಿ ನಿದ್ರೆ ಬರುವುದಿಲ್ಲ. ಮಗು ಮಲಗಿದರೂ ಬರುವುದಿಲ್ಲ. ಗಂಡ ಕಡಲಿಗೆ ಹೋದ ದಿನ, ಅವರು ಮುಳುಗುವ ಆ ಬೋಟಿನ ಅಡಿ ಹೇಗಿರಬಹುದು ಎಂದು ಊಹಿಸುತ್ತಾ ಮಲಗಿರುತ್ತಿದ್ದೆ. ಹುಟ್ಟಿದಂದಿನಿಂದ ಕಡಲು ನೋಡಿದವಳು ನಾನು. ಆದರೆ ನಮ್ಮಲ್ಲಿ ಹೆಂಗಸರು ಮೀನಿನ ಬೋಟು ಹತ್ತುವುದಿಲ್ಲ, ಇನ್ನು ಅದರ ಅಡಿ ನೋಡುವುದು ಎಲ್ಲಿಂದ. ಬೆಳಕಿದೆಯೋ, ಕತ್ತಲೆಯೋ, ಫ್ಯಾನು ತಲೆಗೆ ಎಷ್ಟು ಹತ್ತಿರ, ಉಸಿರು ಮುಗಿದರೆ ಯಾವ ಬದಿಗೆ ಬರುತ್ತಾರೆ ಎಂದು ಗಂಡನನ್ನು ಕೇಳುತ್ತಿದ್ದೆ. ನೀರು ಬಿಟ್ಟು ಅಲ್ಲಿ ಬೇರೆ ಎಂತ ಇರುತ್ತದೆ ಎಂದು ಹೇಳಿ ಊಟ ಮಾಡಿ ಮಲಗುತ್ತಿದ್ದರು. ಕೈಯಲ್ಲಿ ಹಿಡಿಯುವ ಕ್ಯಾಮೆರಾ ಅಲ್ಲಿ ಉಪಯೋಗವಿಲ್ಲ. ಒಂದು ಕೈ ಬೋಟಿಗೆ, ಒಂದು ಕೈ ಬಲೆಗೆ ಬೇಕು.

ದಿನಾಂಕ 02-01-2018ರಂದು ಕುಂದಾಪುರದಲ್ಲಿ ಅಂಗಡಿ ಇಟ್ಟುಕೊಂಡಿರುವ ಕುಂಭಾಶಿಯ ಹರ್ಷಾ ಎಂಬವನಲ್ಲಿಗೆ ಹೋದೆನು. ಇವನು ಕಾಲೇಜಿನಲ್ಲಿ ನನ್ನ ತರಗತಿಯವನು. ಮೈಮೇಲೆ ಧರಿಸುವ ಮೂರು ಬಗೆಯ ಕ್ಯಾಮೆರಾ ಮೇಜಿನ ಮೇಲಿಟ್ಟನು. ಒಂದು ಕನ್ನಡಕದ ನಡುವೆ ಇರುವಂಥದ್ದು, ಒಂದು ಎದೆಗೆ ಸಿಕ್ಕಿಸುವಂಥದ್ದು, ಒಂದು ಪಟ್ಟಿಯಿಂದ ಹಣೆಗೆ ಕಟ್ಟುವಂಥದ್ದು. ಗಂಡನ ಹಿಂದೆ ಪೊಲೀಸರನ್ನು ಬಿಡುವುದಕ್ಕಿಂತ ಇದು ಅಗ್ಗ ಎಂದು ತಮಾಷೆ ಮಾಡಿದನು. ನಡೆದದ್ದನ್ನೆಲ್ಲ ಹೇಳಬೇಕು ಎಂದಿದ್ದಕ್ಕೆ ಇದನ್ನೂ ಹೇಳಿದ್ದೇನೆ. ಮೂರನ್ನೂ ಮನೆಗೆ ಒಯ್ದು ನೋಡಿ, ಬೇಕಾದ್ದನ್ನು ಇಟ್ಟುಕೊಂಡು ಉಳಿದದ್ದನ್ನು ಹಿಂದೆ ಕೊಡು ಎಂದನು.

ಎರಡು ಕೈಗೂ ಕೆಲಸ ಇರುವಾಗ ಯಾವುದು ಸರಿಯಾಗಿ ಕಾಣುತ್ತದೆ ಎಂದು ತಿಳಿಯಲು ಮರುದಿನ ಮಗುವಿಗೆ ಸ್ನಾನ ಮಾಡಿಸುವಾಗ ಒಂದೊಂದಾಗಿ ಹಾಕಿಕೊಂಡೆನು. ಕನ್ನಡಕಕ್ಕೆ ಹಬೆ ಹಿಡಿಯಿತು, ನಂತರ ಮಗು ಅದನ್ನು ಕಿತ್ತು ಬಾಲ್ದಿಗೆ ಹಾಕಿತು. ಎದೆಯ ಕ್ಯಾಮೆರಾದಲ್ಲಿ ನನ್ನ ಎರಡು ಮೊಣಕೈ ಬಿಟ್ಟರೆ ಬೇರೇನೂ ಬರಲಿಲ್ಲ. ಹಣೆಯದ್ದರಲ್ಲಿ ನನ್ನ ಎರಡೂ ಕೈ, ಸಾಬೂನಿನ ನೊರೆ, ನೀರು ಹೊಯ್ಯುವ ಮೊದಲೇ ಮಗು ಕಣ್ಣು ಮುಚ್ಚಿಕೊಳ್ಳುವುದು ಎಲ್ಲವೂ ಇತ್ತು. ಇಷ್ಟು ದಿನ ಸ್ನಾನ ಮಾಡಿಸಿದರೂ ಅದು ಮೊದಲೇ ಕಣ್ಣು ಮುಚ್ಚಿಕೊಳ್ಳುತ್ತದೆ ಎಂದು ನಾನು ಕಂಡಿರಲಿಲ್ಲ. ನಡುನಡುವೆ ಬಾಗಿಲು ಬರುತ್ತಿತ್ತು. ಮತ್ತೆ ಮಗು, ಮತ್ತೆ ಬಾಗಿಲು. ಕಡಲ ಕಡೆಯ ಬಾಗಿಲಿಗೆ ನಾನು ಅಷ್ಟು ಸಲ ತಿರುಗುತ್ತೇನೆ ಎಂದು ಆಗಲೇ ಗೊತ್ತಾಯಿತು.

ಮಾವ ಜಗಲಿಯಲ್ಲಿ ಕುಳಿತು ನೋಡುತ್ತಿದ್ದವರು, “ಮೂರ್ನೇ ಕಣ್ಣ್ ಬಿಟ್ಟ್ ನಮ್ಮನ್ ಸುಟ್ಟ್ ಹಾಕೂದ್ ಬ್ಯಾಡ, ಮಗಾ” ಎಂದರು.

ನೀರಿನೊಳಗೆ ಹೇಗೆ ಕಾಣುತ್ತದೆ ಎಂದು ನೋಡಬೇಕಿತ್ತು. ಹಣೆಯ ಕ್ಯಾಮೆರಾವನ್ನು ನೀರು ಹೋಗದ ಪೆಟ್ಟಿಗೆಗೆ ಹಾಕಿ, ಕೊಡಪಾನಕ್ಕೆ ಕಟ್ಟಿ ನಮ್ಮ ಬಾವಿಗೆ ಇಳಿಸಿದೆನು. ಮೇಲೆ ತಂದು ಮೊಬೈಲಿನಲ್ಲಿ ನೋಡಿದಾಗ ಬಾವಿಯ ತಳದಲ್ಲಿ ಒಂದು ಸ್ಟೀಲ್ ಲೋಟ ಕಾಣಿಸಿತು. ಅತ್ತೆ ಹತ್ತಿರ ಬಂದು ನೋಡಿ, ಅದು ಹೋದ ವರ್ಷ ತಾನು ಬೀಳಿಸಿದ್ದು, ಅಂಚು ನೆಗ್ಗಿದ್ದು ಸಹಾ ಕಾಣುತ್ತದೆ ಎಂದರು. ಅಲ್ಲಿಯವರೆಗೆ ಕ್ಯಾಮೆರಾ ಎಂದರೆ ಮುಖ ತಿರುಗಿಸುತ್ತಿದ್ದವರು ಅಂದಿನಿಂದ ಅದನ್ನು ದೇವರ ಕೋಣೆಯ ಬಾಗಿಲ ಮೇಲಿನ ಮೊಳೆಗೆ ತೂಗುಹಾಕುತ್ತಿದ್ದರು.

ದಿನಾಂಕ 05-01-2018ರಂದು ಹಣೆಯದ್ದನ್ನೇ ಖರೀದಿಸಿದೆನು. ಆಗ ಹರ್ಷಾ ಎರಡು ವಿಷಯ ಕೇಳಿದನು. ಮೊದಲನೆಯದು, ಗುಂಡಿ ಹೇಗಿರಬೇಕು. ಒದ್ದೆ ಕೈಯಲ್ಲಿ, ನೋಡದೆ ಒತ್ತುವಂತಿರಬೇಕು ಎಂದೆನು. ಒಂದು ಸಲ ಒತ್ತಿದರೆ ‘ಟೀಂ’ ಎಂದು ಚಿತ್ರಣ ಶುರು, ಇನ್ನೊಂದು ಸಲ ಒತ್ತಿದರೆ ‘ಟೀಂ’ ಎಂದು ನಿಲ್ಲುವಂತೆ ಮಾಡಿಕೊಟ್ಟನು. ಎರಡನೆಯದು, ಎರಡು ಗಂಟೆಯಷ್ಟು ತುಂಬಿದ ಮೇಲೆ ಕ್ಯಾಮೆರಾ ನಿಲ್ಲಬೇಕೋ, ಹಳೆಯದನ್ನು ಅಳಿಸುತ್ತಾ ಮುಂದುವರಿಯಬೇಕೋ ಎಂದು ಕೇಳಿದನು. ಸ್ಲೇಟು ತುಂಬಿದ ಮೇಲೆ ಮೊದಲ ಸಾಲಿನಿಂದ ಒರೆಸಿ ಬರೆಯುತ್ತಾ ಹೋದ ಹಾಗೆ ಎಂದು ವಿವರಿಸಿದನು. ಗಂಡ ನೀರಿಗಿಳಿಯುವ ಹೊತ್ತಿಗೇ ಅದು ನಿಂತುಹೋದರೆ ಏನು ಪ್ರಯೋಜನ ಎಂದು ಯೋಚಿಸಿ, ಮುಂದುವರಿಯಲಿ ಎಂದೆನು.

ಮರುದಿನ ಅತ್ತೆ ಅದಕ್ಕೆ ಪೂಜೆ ಮಾಡಿದರು. ಹೊಸ ಬಲೆ, ಹೊಸ ಇಂಜಿನು ನೀರಿಗೆ ಹೋಗುವ ಮೊದಲು ಅರಸಿನ ಕುಂಕುಮ ಇಡುವುದು ನಮ್ಮ ಮನೆಯ ಕ್ರಮ. ಅತ್ತೆ ಕುಂಕುಮವನ್ನು ನೀರಿನಲ್ಲಿ ಕಲಸಿ, ಎದುರಿಗೆ ದುಂಡಗೆ ಕಂಡ ಜಾಗಕ್ಕೆ, ಅಂದರೆ ಕ್ಯಾಮೆರಾದ ಗಾಜಿಗೇ ಹಚ್ಚಿದರು. ನಾನು ಒಳಗೆ ಮಗುವಿಗೆ ಹಾಲು ಕೊಡುತ್ತಿದ್ದೆನು. ಆದ್ದರಿಂದ 07-01-2018ರಂದು ಗಂಡ ತಂದ ಮೊದಲ ಚಿತ್ರಣ ಪೂರ್ತಿ ಕೆಂಪಾಗಿತ್ತು. ಕೆಂಪಿನೊಳಗೆ ಭೋಜರಾಜರು ಯಾರನ್ನೋ ಬೈಯುವುದು ಮಾತ್ರ ಕೇಳುತ್ತಿತ್ತು. ನಂತರ ಗಂಡ ಹಾರಿದ ಶಬ್ದ ಬಂತು. ಕೆಂಪು ಹೊಗೆಯಂತೆ ಎದ್ದು ಹೋಯಿತು, ಅಡಿಯಲ್ಲಿ ಹಸಿರು ಬೆಳಕಿತ್ತು. ಬೋಟಿನ ಹೊಟ್ಟೆಗೆ ಚಿಪ್ಪುಗಳು ಅಂಟಿದ್ದವು. ಅದರ ಕೆಳಗೆ ನನ್ನ ಗಂಡನ ಎರಡು ಕೈ ಬಲೆಯ ಗಂಟು ಹುಡುಕುತ್ತಿದ್ದವು, ಅವಸರವಿರಲಿಲ್ಲ. ನಾನು ಅದನ್ನು ಎಷ್ಟು ಸಲ ನೋಡಿದೆನೋ ತಿಳಿಯದು. ಅಂದು ನಿದ್ರೆ ಬಂತು.

ಗಾಜು ಒರೆಸಬೇಕೆಂದು ಅತ್ತೆಗೆ ಹೇಳಿದಾಗ ಬೇಸರ ಮಾಡಿಕೊಂಡರು. ಕಡಲು ತಾನೇ ತೊಳೆಯುತ್ತದೆ ಎಂದು ನಾನೂ ಬಿಟ್ಟೆನು. ಆ ನಂತರ ಪ್ರತಿ ಸಲ ಅವರೇ ಕುಂಕುಮ ಹಚ್ಚಿ ಮಗನ ಹಣೆಗೆ ಕಟ್ಟಿ ಕಳುಹಿಸುತ್ತಿದ್ದರು. ಅದು ಬಂದಂದಿನಿಂದ ರತನನಿಗೆ ಒಂದು ಗೀರೂ ಆಗಿಲ್ಲ ಎಂದು ನೆರೆಯವರಲ್ಲಿ ಹೇಳುತ್ತಿದ್ದರು. ದಿನಾಂಕ 14ರಂದು ಹರ್ಷಾ ಹಿಂದಿನದ್ದೆಲ್ಲ ಕಂಪ್ಯೂಟರಿಗೆ ಹಾಕಿ ಕ್ಯಾಮೆರಾವನ್ನು ಖಾಲಿ ಮಾಡಿ ಕೊಟ್ಟನು.

ಇಂದು ಬೆಳಿಗ್ಗೆ ನಡೆದದ್ದನ್ನು ಗಂಡ ಹೇಳಿದಂತೆ ತಿಳಿಸುತ್ತೇನೆ. ಸುಮಾರು 7.05ಕ್ಕೆ ಮರವಂತೆಗೆ ನೇರವಾಗಿ, ದಡದಿಂದ 4 ಕಿ.ಮೀ. ದೂರದಲ್ಲಿ, ಗುಣಪಾಲರ ಬಲೆ ಭೋಜರಾಜರ ಬೋಟಿನ ಫ್ಯಾನಿಗೆ ಸುತ್ತಿಕೊಂಡಿತು. ತಮ್ಮ ಬಲೆಯಾದರೆ ಕಡಿದು ಬಿಡಿಸುತ್ತಾರೆ. ಇನ್ನೊಬ್ಬರ ಬಲೆಗೆ ಅವರನ್ನು ಕೇಳದೆ ಕತ್ತಿ ಹಾಕುವುದಿಲ್ಲ, ಹಾಕಿದವನನ್ನು ಆ ಮೇಲೆ ಯಾವ ಬೋಟಿನವರೂ ಕರೆಯುವುದಿಲ್ಲ. ಗಂಡ ಕತ್ತಿಯನ್ನು ಮಾವನ ಕೈಗೆ ಕೊಟ್ಟು ಬರಿಗೈಯಲ್ಲಿ ಇಳಿದರು. ಮುಳುಗುತ್ತಾ ಏಳುತ್ತಾ ಬಿಡಿಸಲು ಅರ್ಧ ಗಂಟೆಯಷ್ಟು ಹಿಡಿಯಿತು. ಬಲೆ ಮೇಲೆ ಬಂದಾಗ ಹರಿದಿತ್ತು. ಇದು ಫ್ಯಾನು ಹರಿದದ್ದಲ್ಲ, ಕತ್ತಿಯಿಂದ ಕಡಿದದ್ದು ಎಂದು ಗುಣಪಾಲರು ಹೇಳಿದರು. ಕತ್ತಿ ತನ್ನ ಕೈಯಲ್ಲಿತ್ತು ಎಂದು ಮಾವ ಹೇಳಿದ್ದಕ್ಕೆ, ಅಪ್ಪ ಮಗನ ಪರ ಹೇಳದೆ ಮತ್ತೆಂತ, ಸೊಂಟದಲ್ಲಿ ಇನ್ನೊಂದು ಇರಲಿಲ್ಲ ಎಂದು ಯಾರು ಕಂಡವರು ಎಂದರು. ನೀರಿನ ಮೇಲಿದ್ದವರಿಗೆ ಕೆಳಗಿನ ಕೈ ಕಾಣುವುದಿಲ್ಲ ಎಂಬುದು ನಿಜ.

ಗಂಡ 9.45ಕ್ಕೆ ಮನೆಗೆ ಬಂದರು. 6.55ಕ್ಕೆ ಕ್ಯಾಮೆರಾ ಶುರು ಮಾಡಿದವರು 8.55ರ ಹೊತ್ತಿಗೆ ಗಂಗೊಳ್ಳಿ ಬಂದರು ಮುಟ್ಟಿದ ಮೇಲೆಯೇ ನೆನಪಾಗಿ ನಿಲ್ಲಿಸಿದ್ದರಂತೆ. ಆದ್ದರಿಂದ ಅದು ತುಂಬಿದೆ. ಅವರು ಮುಳುಗಿದ್ದು ಅದರ ಶುರುವಿನಲ್ಲೇ ಇದೆ. ಕ್ಯಾಮೆರಾವನ್ನು ಮೊಳೆಗೆ ಹಾಕಿ ಗಂಜಿ ಉಂಡು, ಚಪ್ಪಲಿ ಮೆಟ್ಟುವಾಗ ಕ್ಯಾಮೆರಾ ತೋರಿಸಿ ನನಗೆ, “ಇವತ್ತಿಂದ್ ಕಾಣ್ ಮಾರಾಯ್ತಿ. ಎರ್ಡೂ ಕೈ ಖಾಲಿ ಇತ್ತ್” ಎಂದರು. ಮಾತನಾಡಿ ಸರಿ ಮಾಡಿಕೊಂಡು ಬರುತ್ತೇನೆಂದು ಗುಣಪಾಲರಲ್ಲಿಗೆ ಹೋದರು.

ಮಗುವಿಗೆ ನಿನ್ನೆ ಚುಚ್ಚುಮದ್ದು ಹಾಕಿಸಿ ಜ್ವರ ಬಂದಿತ್ತು. ಅದು ಮಲಗಿದ ಮೇಲೆ ನೋಡುವುದೆಂದು ಬದಿಯಲ್ಲಿ ಒರಗಿದವಳಿಗೆ ನಿದ್ರೆ ಹತ್ತಿತು. 2.50ಕ್ಕೆ ‘ಟೀಂ’ ಎಂದಿತು. ಕಣ್ಣು ಬಿಟ್ಟು ಗಡಿಯಾರ ನೋಡಿದೆನು. ಮಗ್ಗುಲಾಗುವ ಮೊದಲು ಇನ್ನೊಮ್ಮೆ ‘ಟೀಂ’ ಎಂದಿತು. ಮೊಬೈಲ್ ಇರಬೇಕೆಂದು ಮಗುವಿನ ಹಣೆ ಮುಟ್ಟಿ ಮತ್ತೆ ಕಣ್ಣು ಮುಚ್ಚಿದೆನು.

ಸಂಜೆ 5.40ಕ್ಕೆ ನೆರೆಮನೆಯ ಸುಗುಣಕ್ಕ ಬಂದು, ರತನನನ್ನು ಠಾಣೆಗೆ ಕರೆದುಕೊಂಡು ಹೋದರು ಎಂದು ತಿಳಿಸಿದರು. ನಾನು ನೇರ ಮೊಳೆಯ ಹತ್ತಿರ ಹೋದೆನು. ಅಲ್ಲಿ ಬರೀ ಮೊಳೆ ಇತ್ತು. ಅತ್ತೆಯನ್ನು ಕೇಳಿದಾಗ ತಿಳಿದದ್ದೇನೆಂದರೆ, ಬೋಟು 4 ಗಂಟೆಗೆ ರಾತ್ರಿಯ ಮೀನುಗಾರಿಕೆಗೆ ಹೊರಡಬೇಕಿತ್ತು. ಗಂಡ ಹಿಂದೆ ಬಾರದ ಕಾರಣ, ಬಲೆ ಸಿಕ್ಕಿದರೆ ನೀರಿಗಿಳಿಯುವ ಕೆಲಸ ಮಾವನ ಪಾಲಿಗೆ ಬಂತು. ಅತ್ತೆ ಗಾಜಿಗೆ ಕುಂಕುಮ ಹಚ್ಚಿ, ಗುಂಡಿಯನ್ನು ಒತ್ತಿ ಒಮ್ಮೆ ಶುರು ಒಮ್ಮೆ ಬಂದ್ ಮಾಡಿ ಮಾವನಿಗೆ ತೋರಿಸಿ, ಹಣೆಗೆ ಕಟ್ಟಿ ಕಳುಹಿಸಿದ್ದಾರೆ.

“ನೀರಿಗ್ ಇಳಿಯುವರಿಗೆ ಅದ್ ಬೇಕಲ್ದಾ, ಹೆಣ್ಣೆ” ಎಂದರು. ತನ್ನ ಗಂಡನಿಗೆ ಮಾಡಬೇಕಾದ್ದನ್ನು ಸರಿಯಾಗಿ ಮಾಡಿದ ಮುಖ ಅತ್ತೆಯದ್ದಾಗಿತ್ತು.

ಮೂರನೇ ಕಣ್ಣು ಎಂದು ನಗುತ್ತಿದ್ದ ಮಾವ ಅದನ್ನು ಕಟ್ಟಿಸಿಕೊಂಡರೇ ಎಂದು ಕೇಳಿದೆನು. ಕಟ್ಟುವವರೆಗೂ ತಲೆ ಬಗ್ಗಿಸಿ ನಿಂತಿದ್ದರಂತೆ.

ಮಧ್ಯಾಹ್ನ ಅದು ಓಡಿದ್ದು ಅರೆ ನಿಮಿಷ ಇರಬಹುದು, ಹೆಚ್ಚೇನೂ ಅಳಿದಿರಲಾರದು. ಆದರೆ ಬೆಳಿಗ್ಗೆ 5 ಗಂಟೆಗೆ ಬಲೆ ಎಳೆಯಲು ಶುರು ಮಾಡುವಾಗ, ಅತ್ತೆ ಹೇಳಿಕೊಟ್ಟ ಪ್ರಕಾರ ಮಾವ ಗುಂಡಿ ಒತ್ತುತ್ತಾರೆ. ಆ ಮೇಲೆ ಮುಕ್ಕಾಲು ಗಂಟೆಯೊಳಗೆ, ಗಂಡನ ಎರಡು ಕೈ ಇರುವ ಭಾಗ ಪೂರ್ತಿ ಅಳಿಸಿಹೋಗಿ ಅಲ್ಲಿ ಕುಂಕುಮದ ಕೆಂಪು ತುಂಬುತ್ತದೆ.

ಮಾವನ ಮೊಬೈಲಿಗೂ ಭೋಜರಾಜರ ಮೊಬೈಲಿಗೂ ಕರೆ ಹೋಗುತ್ತಿಲ್ಲ, ವ್ಯಾಪ್ತಿಯ ಹೊರಗಿದ್ದಾರೆ ಎಂದು ಬರುತ್ತದೆ. ಬೋಟಿನಲ್ಲಿ ವಯರ್‌ಲೆಸ್ ಇದೆ. ಬಂದರಿನಲ್ಲಿ ವಯರ್‌ಲೆಸ್ ನೋಡಿಕೊಳ್ಳುವ ಗುಡ್ಡ ಎಂಬವರನ್ನು 7.20ಕ್ಕೆ ಕಂಡು ಕೇಳಿದೆನು. ರಾತ್ರಿ ಜೀವಕ್ಕೆ ತೊಂದರೆ ಇದ್ದರೆ ಮಾತ್ರ ಕರೆಯುವುದು, ಕ್ಯಾಮೆರಾದ ಗುಂಡಿಗೆಲ್ಲ ಕರೆದರೆ ಕಡಲಿನವರೆಲ್ಲ ನಗುತ್ತಾರೆ, ಠಾಣೆಯಿಂದ ಒಂದು ಫೋನ್ ಬಂದರೆ ಆ ಗಳಿಗೆಯಲ್ಲೇ ಕರೆಯುತ್ತೇನೆ ಎಂದರು. ಅವರು ರಾತ್ರಿ ಅಲ್ಲೇ ಮಲಗುತ್ತಾರೆ. ಅವರ ಫೋನ್ ಸಂಖ್ಯೆಯನ್ನು ಈ ಹೇಳಿಕೆಯ ಅಂಚಿನಲ್ಲಿ ಬರೆಸಿದ್ದೇನೆ.

ಗಂಡನನ್ನು ಬಿಡಿಸಲು ಹೀಗೆ ಹೇಳುತ್ತಿದ್ದೇನೆಯೇ ಎಂದು ನನ್ನನ್ನು ಕೇಳಲಾಯಿತು. ಆ ಚಿತ್ರಣವನ್ನು ನಾನು ನೋಡಿಲ್ಲ. ಎರಡೂ ಕೈ ಖಾಲಿ ಇದ್ದರೆ ಅದು ಕಾಣುತ್ತದೆ. ಕತ್ತಿ ಇದ್ದರೆ ಅದೂ ಕಾಣುತ್ತದೆ. ಬಾವಿಯ ತಳದ ಲೋಟದ ನೆಗ್ಗು ತೋರಿಸಿದ ಕ್ಯಾಮೆರಾ ಅದು. ಗುಣಪಾಲರೂ ಬದಿಯಲ್ಲಿ ಕುಳಿತು ನೋಡಲಿ. ಮೊದಲು ಕೆಂಪು ಬರುತ್ತದೆ, ಹಾಳಾಗಿದೆ ಎಂದು ಬಂದ್ ಮಾಡಬಾರದು. ಅವರು ನೀರಿಗೆ ಹಾರುವವರೆಗೆ ಕಾಯಬೇಕು.

ಕಂಡದ್ದನ್ನು ಕಂಡದ್ದೆಂದೂ ಗಂಡ, ಅತ್ತೆ ಹೇಳಿದ್ದನ್ನು ಅವರು ಹೇಳಿದ್ದೆಂದೂ ಬೇರೆ ಬೇರೆಯಾಗಿ ಬರೆಸಿದ್ದೇನೆ. ಬರೆದದ್ದನ್ನು ನಾನೇ ಓದಿ ನೋಡಿದ್ದೇನೆ, ನಾನು ಹೇಳಿದಂತೆಯೇ ಇದೆ, ಇದು ಸತ್ಯ.

ಸ್ಥಳ: ಗಂಗೊಳ್ಳಿ
ದಿನಾಂಕ: 17-01-2018, ರಾತ್ರಿ 9.40
ಸಹಿ: ಧನ್ಯಶ್ರೀ

ಸಹಿಯ ಕೆಳಗೆ ನನ್ನ ಕೈಬರಹದಲ್ಲಿ: ಸರ್, ಅಳಿಸಿಹೋಗುತ್ತದೆ ಎಂದರೆ ಮಾವನಿಗೆ ತಿಳಿಯುವುದಿಲ್ಲ, ಇನ್ನೊಮ್ಮೆ ಒತ್ತಿ ನೋಡುತ್ತಾರೆ. ರತನ್ ಮನೆಗೆ ಬರುವವರೆಗೆ ಗುಂಡಿ ಮುಟ್ಟಬಾರದು ಎಂದು ವನಜ ಹೇಳಿದ್ದಾಳೆ ಎಂದು ಹೇಳಿಸಿ. ಅತ್ತೆಯ ಮಾತಾದರೆ ಕೇಳುತ್ತಾರೆ, ಅತ್ತೆಯೂ ಒಪ್ಪಿದ್ದಾರೆ. ಕಟ್ಟಿದ್ದನ್ನು ಬಿಚ್ಚುವುದು ಬೇಡ, ಹಣೆಯ ಮೇಲೆಯೇ ಇರಲಿ. ಒತ್ತದಿದ್ದರೆ ಸಾಕು. ನಾನು ಮಗುವಿನೊಂದಿಗೆ ಹೊರಗೆ ಬೆಂಚಿನ ಮೇಲೆ ಇರುತ್ತೇನೆ, ನನಗೆ ಹೇಗೂ ನಿದ್ರೆ ಇಲ್ಲ. ಬೆಳಗಿನ 5 ಗಂಟೆಯೊಳಗೆ, ಆಗುವುದಾದರೆ ಈಗಲೇ, ಗುಡ್ಡರಿಗೆ ಒಂದು ಫೋನ್ ಮಾಡಿ.