ಬಾನೆಟ್ ಒತ್ತಿದವನು

ಇದು ಯಾರದೋ ಊರಿನ ಯಾರೋ ಹೇಳಿದ್ದಲ್ಲ... ನಮ್ಮ ನಾಗಣಸೂರಿನಲ್ಲಿ, ನಮ್ಮ ಗೋಡೆಗೆ ಗೋಡೆ ಹತ್ತಿದ ಮನೆಯ ರೂಪಾಲಿಗೆ ಆದದ್ದು. ಹೋದ ವರ್ಷ, ದೀಪಾವಳಿ ಮುಗಿದ ವಾರ.

ರೂಪಾಲಿಯ ಅಪ್ಪ ಅಮೃತಪ್ಪನಿಗೆ ಕಿಡ್ನಿ ಕೈಕೊಟ್ಟಿದೆ. ವಾರಕ್ಕೆ ಎರಡು ಸಲ ಸೊಲ್ಲಾಪುರಕ್ಕೆ ಹೋಗಿ ರಕ್ತ ತೊಳೆಸಿಕೊಂಡು ಬರಬೇಕು. ಹಳೇ ಬಿಳಿ ಕಾರು, ಓಡಿಸುವವಳು ರೂಪಾಲಿ. ಗಾಡಿ ಇದ್ದದ್ದು ಕಾಕಾ ಸಾತಲಿಂಗಪ್ಪನ ಹೆಸರಿನಲ್ಲಿ. ಹೊತ್ತು ಮುಳುಗಿದ ಮೇಲೆ ಹೆಣ್ಣುಹುಡುಗಿ ಸ್ಟೀರಿಂಗ್ ಹಿಡಿದು ಊರೊಳಗೆ ಬಂದರೆ ಅವನಿಗೆ ಮೈಯೆಲ್ಲ ಉರಿ.

"ಗಾಡಿ ಒಂದ್ ಸಲಾ ದಾರ್ಯಾಗ ನಿಂದರಲಿ, ಚಾವಿ ನನ್ನ ಕೈಯಾಗ ಕೊಡಬೇಕು. ಆಮ್ಯಾಲ ನಿಮ್ಮಪ್ಪನ್ನ ಎಸ್‌ಟಿ ಬಸ್ಸಿನಾಗ ಕರ್ಕೊಂಡ್ ಹೋಗು," ಎಂದು ನಾಲ್ಕು ಮಂದಿಯ ಮುಂದೆ ಹೇಳಿದ್ದ.

ರಕ್ತ ತೊಳೆಸಿಕೊಂಡ ಮನುಷ್ಯ ಎದ್ದು ನಿಲ್ಲುವುದೇ ಕಷ್ಟ, ಬಸ್ಸು ಹತ್ತುವುದುಂಟೇ? "ನಿಂದ್ರಾಂಗಿಲ್ಲ ಬಿಡು ಕಾಕಾ," ಎಂದಿದ್ದಳು ರೂಪಾಲಿ.

ನಿಂತಿತು.

ಅಕ್ಕಲಕೋಟ ದಾಟಿದ ಮೇಲೆ ಆಲದ ಮರದ ಬಗಲಿಗೆ ಒಂದು ಹಾಳು ಬಾವಿ ಇದೆ... ಸರಿಯಾಗಿ ಅಲ್ಲೇ. ಎಂಜಿನ್ ಕಾವು ತೋರಿಸುವ ಮುಳ್ಳು ಕೆಂಪಿಗೆ ಹೋಯಿತು. ಬಾನೆಟ್ಟಿನ ಸಂದಿಯಿಂದ ಹಬೆ... ಸುಸ್ಸ್... ರಾತ್ರಿ ಹತ್ತು ಗಂಟೆ. ರಸ್ತೆಯಲ್ಲಿ ನರಪಿಳ್ಳೆ ಇಲ್ಲ.

ಡಿಕ್ಕಿಯಲ್ಲಿ ಒಂದು ಕ್ಯಾನ್ ನೀರಿತ್ತು. ಆರಲು ಬಿಟ್ಟು ರೇಡಿಯೇಟರಿಗೆ ಹಾಕಿದರೆ ಮುಗಿಯಿತು. ಆದರೆ ಬಾನೆಟ್ ತೆರೆಯಬೇಕಲ್ಲ! ಅದರ ಚಿಲಕ ಹಿಡಿದುಕೊಂಡು ವರ್ಷವಾಗಿತ್ತು. ಅದೂ ಅಮೃತಪ್ಪನ ಭಕ್ತಿಯ ಫಲವೇ. ಅಮಾವಾಸ್ಯೆ ಬಂತೆಂದರೆ ಗಾಡಿ ಪೂಜೆ. ಕಾಯಿ ಒಡೆದ ನೀರು ಬಾನೆಟ್ಟಿನ ತುದಿಗೇ ಬೀಳಬೇಕು, ಅದರ ಮೇಲೆ ಹಿಡಿ ಕುಂಕುಮ, ಹಿಡಿ ಅರಿಶಿನದ ಭಂಡಾರ. ಹನ್ನೊಂದು ವರ್ಷದ ಪೂಜೆ ಚಿಲಕದೊಳಗೆ ಇಳಿದು ಗಾರೆಯ ಹಾಗೆ ಕೂತಿತ್ತು. ದೇವರಿಗೆ ಮುಟ್ಟಿತೋ ಇಲ್ಲವೋ, ಚಿಲಕಕ್ಕಂತೂ ಮುಟ್ಟಿತ್ತು.

ಈಗ ಅದನ್ನು ತೆರೆಯಲು ಇಬ್ಬರು ಬೇಕು. ಒಬ್ಬರು ಒಳಗೆ ಕೂತು ಸ್ಟೀರಿಂಗ್ ಕೆಳಗಿನ ಹಿಡಿ ಎಳೆದು ಹಿಡಿಯಬೇಕು. ಅದೇ ಹೊತ್ತಿಗೆ ಇನ್ನೊಬ್ಬರು ಹೊರಗಿನಿಂದ ಬಾನೆಟ್ ಮೇಲೆ ಮೈಭಾರ ಹಾಕಿ ಒತ್ತಬೇಕು. ರೂಪಾಲಿ ಎಳೆದಳು, ಇಳಿದು ಓಡಿಹೋಗಿ ಒತ್ತಿದಳು. ಅಷ್ಟರಲ್ಲಿ ಹಿಡಿ ವಾಪಸ್. ಮೂರು ಸಲ ಹಾಗೇ ಆಯಿತು. ಅಪ್ಪ ಒತ್ತುತ್ತೇನೆಂದು ಎದ್ದ, ತಲೆ ತಿರುಗಿ ಕೂತುಬಿಟ್ಟ. ಹಿಡಿ ಎಳೆಯೋಣವೆಂದರೆ ಸೂಜಿ ಚುಚ್ಚಿ ಪಟ್ಟಿ ಕಟ್ಟಿದ ಕೈಯಲ್ಲಿ ಕಸುವಿಲ್ಲ.

"ಕಾಕಾಗ ಫೋನ್ ಹಚ್ಚವ್ವಾ..."

"ಹಚ್ಚಿದ್ರ ಚಾವಿ ಕೊಟ್ಟಂಗಽ ಆತಪ್ಪ. ಹಚ್ಚಾಂಗಿಲ್ಲ."

ಆಗ ಕೇಳಿತು.

ಕಿರ್‍ರ್... ಕಿರ್‍ರ್...

ಬಾವಿಯ ಕಡೆಯಿಂದ. ನೀರು ಸೇದುವ ರಾಟೆಯ ಸದ್ದು. ಆ ಬಾವಿಗೆ ರಾಟೆ ಇಲ್ಲದೆ ನಲವತ್ತು ವರ್ಷವಾಯಿತು. ಅಲ್ಲಿ ನೀರು ಸೇದುತ್ತಿದ್ದ ಸಾಯಬಣ್ಣ ಹಗ್ಗದ ಸಮೇತ ಒಳಗೆ ಹೋದ ದಿನವೇ ರಾಟೆ ಕಿತ್ತುಹಾಕಿದರು. ಆ ಸದ್ದು ಕೇಳಿದರೆ ತುಟಿಪಿಟಕ್ಕೆನ್ನದೆ ಹೋಗಬೇಕು, ಮಾತಾಡಿದವರ ಬೆನ್ನು ಹತ್ತಿ ಅವನು ಮನೆಗೇ ಬರುತ್ತಾನೆ... ಇದು ನಮ್ಮಲ್ಲಿ ಕೂಸಿಗೂ ಗೊತ್ತು.

"ಮಾತಾಡಬ್ಯಾಡ..." ಅಪ್ಪ ಪಿಸುಗುಟ್ಟಿದ.

ರೂಪಾಲಿಗೆ ಹೆದರಿಕೆ ಆಗಲಿಲ್ಲ ಎಂದರೆ ಸುಳ್ಳು. ಆದರೆ ಸಿಟ್ಟು ಅದಕ್ಕಿಂತ ದೊಡ್ಡದಾಗಿತ್ತು. ಮನೆಯಲ್ಲಿ ಕಾಕಾನ ಮುಂದೆ ಬಾಯಿ ಮುಚ್ಚಬೇಕು, ದಾರಿಯಲ್ಲಿ ಇವನ ಮುಂದೆಯೂ ಮುಚ್ಚಬೇಕೇ? ಕಿಟಕಿ ಪೂರ್ತಿ ಇಳಿಸಿದಳು.

"ಏ ಸಾಯಬಣ್ಣ ಮುತ್ತ್ಯಾ! ಬತ್ತಿದ ಬಾವ್ಯಾಗ ಎಷ್ಟಂತ ಸೇದತಿ? ಕೆಲಸ ಬೇಕಾದ್ರ ಇಲ್ಲಿ ಅದ. ಬಾ, ಬಾನೆಟ್ ಒತ್ತು!"

ರಾಟೆ ನಿಂತಿತು.

ಆಮೇಲೆ ಬರಿಗಾಲು. ರಸ್ತೆ ಬದಿಯ ಖಡಿಕಲ್ಲಿನ ಮೇಲೆ... ಚರ್... ಚರ್... ಗಾಡಿಯ ಮುಂದೆ ಬಂದು ನಿಂತಿತು. ಹೆಡ್‌ಲೈಟಿನ ಬೆಳಕಿನಲ್ಲಿ ಹಬೆ ಬಿಟ್ಟರೆ ಏನೂ ಇಲ್ಲ. ಗಾಡಿಯ ಮೂತಿ ಮಾತ್ರ ಮೆಲ್ಲಗೆ ಕೆಳಗಿಳಿಯಿತು... ಕುಂಯ್ಯ್...

ರೂಪಾಲಿ ಹಲ್ಲು ಕಚ್ಚಿ ಹಿಡಿ ಎಳೆದಳು.

ಟಕ್.

"ಯಾರವ್ವಾ ಅವರು?"

"ಮುತ್ತ್ಯಾ ಅದಾನಪ್ಪ. ನೀ ಮಲ್ಕೋ."

ಅರ್ಧ ತಾಸು ಆರಲು ಬಿಟ್ಟು ನೀರು ಹಾಕಿದಳು. ಮನೆ ಮುಟ್ಟಿದಾಗ ಸಾತಲಿಂಗಪ್ಪ ಕಟ್ಟೆಯ ಮೇಲೆ ಕೂತಿದ್ದ. ರೂಪಾಲಿ ಬಾಯಿ ತೆರೆಯುವ ಮೊದಲೇ ಚಾವಿಗೆ ಕೈ ಚಾಚಿದ.

"ನಿಂತಿತ್ತಿಲ್ಲೋ?"

"ನಿಂತಿತ್ತು. ನಾನಽ ತಗದು, ನಾನಽ ನಡಿಸ್ಕೊಂಡು ಬಂದೀನಿ. ಚಾವಿ ಕೊಡಾಂಗಿಲ್ಲ."

ಸಾತಲಿಂಗಪ್ಪ ಕೈ ಚಾಚಿಕೊಂಡೇ ಎದ್ದು ಬಂದ... ಗಾಡಿಯ ಹಿಂದೆ, ಅಂಗಳದ ಕತ್ತಲಲ್ಲಿ, ಚರ್... ಚರ್...

"ಹಿಂದ ಯಾರು ಬಂದಾರ?" ಅವನ ದನಿ ಇಳಿದಿತ್ತು.

"ನನ್ನ ಸಂಗಾಟ ಬಂದಾರ. ನೀನಽ ಮಾತಾಡ್ಸು ಬೇಕಾದ್ರ."

ಸಾತಲಿಂಗಪ್ಪ ಕೈ ಕೆಳಗಿಳಿಸಿದ. ಒಳಗೆ ಹೋಗಿ ಅಗುಳಿ ಹಾಕಿಕೊಂಡ. ಅವತ್ತಿನಿಂದ ಚಾವಿಯ ಮಾತು ಎತ್ತಿಲ್ಲ.

ಈಗಲೂ ಗಾಡಿ ಮಂಗಳವಾರ, ಶುಕ್ರವಾರ ಸೊಲ್ಲಾಪುರಕ್ಕೆ ಹೋಗುತ್ತದೆ. ರೇಡಿಯೇಟರ್ ಸೋರುತ್ತಿದೆ, ಹೋಗಿ ಬರುವಷ್ಟರಲ್ಲಿ ಎರಡು ಲೀಟರ್ ಕಡಿಮೆಯಾಗುತ್ತದೆ ಎಂದು ಮೆಕ್ಯಾನಿಕ್ ಗುರುಶಾಂತ ಹೇಳಿ ಆರು ತಿಂಗಳಾಯಿತು. ರೂಪಾಲಿ ರಿಪೇರಿ ಮಾಡಿಸಿಲ್ಲ. ಅವತ್ತಿನಿಂದ ಒಂದು ಹನಿ ನೀರೂ ಹಾಕಿಲ್ಲ. ನಂಬುವುದಿಲ್ಲವೇ? ನಾನೂ ನಂಬಿರಲಿಲ್ಲ. ಹೋದ ಶುಕ್ರವಾರ ನಸುಕಿನಲ್ಲಿ ಅವಳು ಹಿಡಿ ಎಳೆದಳು, ಬಾನೆಟ್ ಒತ್ತಿದ್ದು ಈ ನನ್ನ ಕೈಯೇ. ರೇಡಿಯೇಟರಿನಲ್ಲಿ ನೀರು ಕುತ್ತಿಗೆಯವರೆಗೆ ಇತ್ತು, ತಣ್ಣಗೆ. ಮೇಲೆ ಹಗ್ಗದ ಒಂದು ಎಳೆ ತೇಲುತ್ತಿತ್ತು.