ಭೋಜದ ಹೊಳಿಯ ಮೀನ

ಅಯ್ಯ, ಅಲ್ಲೆಲ್ಲಿ ಕುಂಡ್ರತಿ ಚಿಗವ್ವ! ಎದ್ದೇಳು, ಎದ್ದೇಳು! ಅದು ಎಣ್ಣಿ ಡಬ್ಬಿ ಅಲ್ಲ, ನನ್ನ ಒಲಿ! ಆಗಳೆ ಹಚ್ಚಿದ್ದೆ, ಇನ್ನೂ ಕಾವ ಆರಿಲ್ಲ. ಸೀರಿಗಿ ಹತ್ತಿದ್ರ ಮುಗೀತು… ಓಣಿ ಮಂದಿಗಿ ಅಷ್ಟ ಸಾಕು. ‘ತಂಬಾಕಿನ ವಖಾರಿ ಮುಚ್ಚಿದ ಮ್ಯಾಲ ಸಂಭಾಜಿ ಮನಿಯಾಗಿನ ಪಾತೇಲಿ ಕರಗಿಸಿದ, ಈಗ ಚಿಗವ್ವನ್ನ ಸುಟ್ಟ’ ಅಂತಾರ. ಬಾ, ಈ ಚೀಲದ ಮ್ಯಾಲ ಕುಂಡ್ರು. ಉಸುಕ ಐತಿ, ಮೆತ್ತಗ ಐತಿ. ಹಾಂ, ಹಂಗ.

ಏನದು ಸೆರಗಿನ್ಯಾಗ? ತೋರ್ಸು… ಓ. ಗಂಟಿ.

ಸೀಳೇತಿ? ಎಲ್ಲಿ… ಛೇ ಛೇ ಛೇ! ಅಂಚಿನಿಂದ ನಡುವಿನ ತನಕ ಸೀಳೇತಲ್ಲ! ಇವತ್ತ ಮುಂಜಾನಿ ಆರತಿ ಹೊತ್ತಿನ್ಯಾಗ ಆತೇನು? ಅದಕ್ಕ ನನಗ ಕೇಳಸ್ಲಿಲ್ಲ… ಅಲ್ಲ, ನನಗೇನ ದಿನಾ ಕೇಳಸ್ತೈತಿ ಅಂತಲ್ಲ. ನಡುವ ಒಂದ ಗ್ವಾಡಿ ಐತಿ, ಕೇಳಿದ್ರ ಕೇಳ್ತೈತಿ, ಇಲ್ಲಂದ್ರ ಇಲ್ಲ. ಮತ್ತ ನೀ ಆರತಿ ಹಿಡಿಯೂ ಹೊತ್ತಿಗೇ ನನ್ನ ಮಶೀನ ಗುಂಯ್ ಅಂತ ಚಾಲೂ ಆಗಿರತೈತಿ. ಬೈಕೊಂಡಿರಬೇಕ ನೀ ಮನಸಿನ್ಯಾಗ.

ಚಿಂತಿ ಮಾಡಬ್ಯಾಡ. ನನ್ನ ಕೈಯಿಂದ ಆದ ಮೊದಲ್ನೇ ಗಂಟಿ ಅದು. ಮೊದಲ್ನೇ ರೊಟ್ಟಿ ಯಾರದ ಗುಂಡಗ ಆಗೇತಿ ಹೇಳು? ಬ್ಯಾರೆ ಮಾಡಿ ಕೊಡ್ತೇನಿ. ಇದರಪ್ಪನಂಥಾದ್ದ ಮಾಡಿ ಕೊಡ್ತೇನಿ! ಅದನ್ನ ಇತ್ತ ಕೊಡು.

…ಕೊಡಂಗಿಲ್ಲ? ಇರ್ಲಿ, ಇರ್ಲಿ. ನಿನ್ನ ಹಂತ್ಯಾಕೇ ಇರ್ಲಿ.

ನೀ ಒಮ್ಮೆರ ಇಲ್ಲಿ ಬಂದಿದ್ದೇನ? ಇಲ್ಲ, ಇದ ಮೊದಲ್ನೇ ಸಲ. ನೋಡು, ಇಷ್ಟ ನನ್ನ ಕಾರಖಾನಿ! ಮೊದ್ಲ ನಿನ್ನ ಸೊಸಿ ಶುಭಾಂಗಿ ಇಲ್ಲೆ ಕುಳ್ಳ ಒಟ್ಟತಿದ್ಲು. ಎರಡೂ ಕೈ ಚಾಚಿದ್ರ ಎರಡೂ ಗ್ವಾಡಿ ಮುಟ್ಟತಾವ. ನೋಡಿಲ್ಲೆ… ಮುಟ್ಟತಾವಲ್ಲ? ಒಲಿ ಹಚ್ಚಿದ್ರ ನಾ ಹೊರಗ, ನಾ ಒಳಗ ಬಂದ್ರ ಒಲಿ ಹೊರಗ. ಯಾಕ, ನಗು ಬರಂಗಿಲ್ಲ? ನಿನ್ನಿ ಇದನ್ನ ನಮ್ಮ ಗೆಳ್ಯಾ ಆಬಾಸಾಹೇಬಗ ಹೇಳಿದ್ರ ಚಹಾ ಮೂಗಿನ್ಯಾಗಿಂದ ಬಂತು.

ಈ ಡಬ್ಬಿ ನಡುವ ಕತ್ತರಿಸಿ, ಒಳಗ ಮಣ್ಣ, ಭತ್ತದ ಹೊಟ್ಟ ಕಲಸಿ ಮೆತ್ತೇನಿ. ಗಾಳಿ ಊದಾಕ ತಿದಿ ಎಲ್ಲಿಂದ ತರ್ಲಿ? ಶುಭಾಂಗಿ ತವರಿನ್ಯಾಗ ಕೊಟ್ಟಿದ್ದ ಕೂದಲಾ ಒಣಸೂ ಮಶೀನ ಇತ್ತಲ್ಲ, ಅದರ ಬಾಯಿಗಿ ಒಂದ ಕಬ್ಬಣದ ಪೈಪ ಸಿಗಸಿದೆ, ಆತು! ಪಾಪ, ಅಕಿ ಈಗ ಬಿಸಲಾಗ ನಿಂತ ಕೂದಲಾ ಒಣಸ್ತಾಳ. ಇದ್ದಲಿ ಹಾಕಿ ಮಶೀನ ಚಾಲೂ ಮಾಡಿದ್ರ ಒಲಿ ಹೆಂಗ ಉರಿತೈತಿ ಅಂತೀ… ನನಗ ಖುಶಿ ಆಕ್ಕೈತಿ ಚಿಗವ್ವ. ನಲವತ್ತಕ್ಕ ಬಂದೇನಿ, ಇಷ್ಟ ದಿನ ಮಂದಿ ತಂಬಾಕ ತೂಗಿದೆ, ನನ್ನ ಕೈಯಿಂದ ಒಂದ ವಸ್ತು ಆಗಿರ್ಲಿಲ್ಲ. ಫೋನಿನ್ಯಾಗ ಯಾವನೋ ಹಿಂದಿಯಾಂವ ತನ್ನ ಹಿತ್ತಲದಾಗ ಕುಂತ ಗಂಟಿ ಎರಿತಿದ್ದ. ಇಂವಗ ಬರತೈತಿ ಅಂದ್ರ ನನಗ ಯಾಕ ಬರಂಗಿಲ್ಲ ಅನಸ್ತು.

ಉಸುಕ? ಉಸುಕ ಹೊಳಿದ. ಅದಕ್ಕ ಬೆಲ್ಲದ ಗಾಣದಾಗಿನ ಕಾಕಂಬಿ ಕಲಸಿ ಬಿಗಿ ಮಾಡಬೇಕು. ಆಮ್ಯಾಲ ಗಂಟಿ ಅಚ್ಚಿಗಿ ಏನ ಇಟ್ಟಿದ್ದೆ ಹೇಳು ನೋಡೂಣು? ನಮ್ಮ ನೀರ ಕುಡಿಯೂ ಲೋಟಾ! ಬೋರಲ ಹಾಕಿ ಉಸಕಿನ್ಯಾಗ ಒತ್ತಿ ತಗದೆ. ಹಂಗಾಗಿ ನಿನ್ನ ಗಂಟಿ ಲೋಟಾದಂಗ ಐತಿ. ನೀನೂ ಅವತ್ತ ಅಂದಿದ್ದಿ, ‘ಸಂಭ್ಯಾ, ಇದರಾಗ ತೀರ್ಥ ಕುಡಿಯೂದೋ, ಬಾರಸೂದೋ?’ ಅಂತ. ಅವತ್ತ ಎಷ್ಟ ನಕ್ಕಿದ್ದಿ ನೀ.



ಮೊದ್ಲ ಹಳೇ ಪಾತೇಲಿ ಕರಗಿಸಿ ಎರದೆ ಚಿಗವ್ವ. ಅಲ್ಯುಮಿನಿದ್ದು. ಗಂಟಿ ಬರಲಿಲ್ಲ, ಹಪ್ಪಳ ಬಂತು! ಎರಡನೇ ಸಲ ಆಕಾರ ಬಂತು, ಬಡದ್ರ ಟಪ್ ಟಪ್ ಅಂತು, ನಾದ ಇಲ್ಲ. ಗಂಟಿಗಿ ಹಿತ್ತಾಳೀನ ಬೇಕು. ಹಿತ್ತಾಳಿ ಯಾರ ಕೊಡ್ತಾರ ನನಗ? ಶುಭಾಂಗಿ ತನ್ನ ಹಂಡೆ ಮ್ಯಾಲ ಕುಂತಬಿಟ್ಲು. ‘ಮುಟ್ಟಿದ್ರ ತವರಿಗಿ ಹೊಕ್ಕೇನಿ’ ಅಂದ್ಲು. ಆಮ್ಯಾಲ… ಆಮ್ಯಾಲ ನಿಪ್ಪಾಣಿ ಗುಜರಿ ಅಂಗಡ್ಯಾಗ ಒಂದಿಷ್ಟ ಸಿಕ್ತು. ಹಳೇ ನಳ, ಚಿಲಕ, ಅಂಥಾದ್ದ. ಸಂಕೇಶ್ವರದ ಅಂಗಡ್ಯಾಂವ ಒಳ್ಳ್ಯಾಂವ, ಆರಿಸಿಕೊಳ್ಳಾಕ ಬಿಟ್ಟ.

ಹಾಂ? ನಿಪ್ಪಾಣಿ ಅಂದ್ನೇನ? ಎರಡೂ ಕಡಿ ಹೋಗಿದ್ದೆ. ಎರಡೂ ಕಡಿ ಸಿಕ್ತು.

ವಾಸನಿ ಬರಾಕತ್ತೇತೇನ? ಶುಭಾಂಗಿ ಮೀನ ಮಾಡಾಕತ್ತಾಳ. ನೀ ಬರ್ತಿ ಅಂತ ಗೊತ್ತಿದ್ರ ಬ್ಯಾಡ ಅಂತಿದ್ದೆ. ನಿನಗ ಬ್ಯಾರೆ ಝುಣಕಾ ಮಾಡಸ್ತೇನಿ, ಉಂಡ ಹೋಗು. ದಸರಾದಿಂದ ಈ ಹೋಳಿ ಹುಣ್ಣಿಮಿ ತನಕ ನೀ ಮೀನ ಮುಟ್ಟಿಲ್ಲ ಅಂತ ಶುಭಾಂಗಿ ಎಲ್ಲಾರ ಮುಂದ ಹೇಳ್ತಾಳ. ಕಾಕಾ ಇದ್ದಾಗ ನೀವಿಬ್ರೂ ತಾಟಿನ್ಯಾಗ ಮುಳ್ಳ ಸುದ್ದಾ ಬಿಡತಿರ್ಲಿಲ್ಲ… ಇರ್ಲಿ. ಅದ ಬ್ಯಾಡ ಈಗ.

ಏನ ನೋಡಾಕತ್ತಿ ಅಲ್ಲೆ, ಸೀಳಿನ ಒಳಗ? ಕೆಂಪಗ ಐತೇನ? ಎಲ್ಲಿ, ಬೆಳಕಿಗಿ ಹಿಡಿ… ಕುಂಕಮ ಅದು! ದಿನಾ ಹಚ್ಚತಿ, ಸೀಳಿನ್ಯಾಗ ಇಳದೇತಿ. ಕುಂಕಮಾನ.

ಸೆರಗಲೆ ಯಾಕ ಒರಸ್ತಿ… ಉಗುಳ ಹಚ್ಚಿ ತಿಕ್ಕಿದ್ರೂ… ಬಿಡ ಚಿಗವ್ವ, ಉಗರ ಮುರಿತೈತಿ. ಹೋಗಂಗಿಲ್ಲ ಅದು.

ಹೋಗಂಗಿಲ್ಲ. ತಾಮ್ರ ಅದು.

ಅಂದ್ರ… ಅದೊಂದ ನನ್ನ ತಪ್ಪ ಆತು. ಹೊಸಬರ ತಪ್ಪ. ಹಿತ್ತಾಳಿ ಬೇಗ ಕರಗತೈತಿ, ತಾಮ್ರಕ್ಕ ಇನ್ನೂ ಜಾಸ್ತಿ ಕಾವ ಬೇಕು. ನನಗೇನ ಗೊತ್ತು? ಹಿತ್ತಾಳಿ ನೀರಾದ ಮ್ಯಾಲ, ಕಡೀಕ, ತಾಮ್ರದ ತಗಡ ಹಾಕಿದೆ. ಹಾಕಿದ ಕೂಡ್ಲೆ ಕರೆಂಟ ಹೋತು! ಮಶೀನ ಬಂದಾತು, ಗಾಳಿ ನಿಂತ್ತು. ಇನ್ನ ತಡಾ ಮಾಡಿದ್ರ ಎಲ್ಲಾ ಗಟ್ಟಿ ಆಕ್ಕೈತಿ ಅಂತ ಗಡಬಡಿಸಿ ಎರದಬಿಟ್ಟೆ. ತಗಡ ಪೂರಾ ಕರಗಿರ್ಲಿಲ್ಲ. ಹಂಗ ಉಳೀತು ಒಳಗ. ಅಲ್ಲೇ ಸೀಳೇತಿ ನೋಡು, ಬರಾಬರಿ ಅಲ್ಲೇ. ಹಿತ್ತಾಳಿ ಅದನ್ನ ಹಿಡಕೊಂಡಿಲ್ಲ.

ಯಾವ ತಗಡ ಅಂದ್ರ… ಗುಜರಿ ಅಂಗಡ್ಯಾಗ ಒಂದ…

ಹಂಗ ನೋಡಬ್ಯಾಡ ಚಿಗವ್ವ. ಏನಾರ ಕೇಳು. ಕೇಳಿದ್ರ ನಾ ಏನಾರ ಹೇಳ್ತೇನಿ. ಕೇಳದ ಕುಂತ್ರ ನಾ ಏನ ಹೇಳ್ಲಿ?

ಅತ್ತ ಯಾಕ ಹೊಂಟಿ? ಆ ಮೊಳೀಗಿ ಏನಿಲ್ಲ, ಕೈ ಒರಸೂ ಅರಿವಿ. ಹೊಲಸ ಐತಿ, ಮಸಿ ಐತಿ, ಮುಟ್ಟಬ್ಯಾಡ… ಚಿಗವ್ವ, ಅದು ಶುಭಾಂಗಿದು. ಅಕಿದ ಹಳೇ ಕುಪ್ಪಸ…

ಅಲ್ಲ.

ಅಕಿದ ಅಲ್ಲ. ನಿನ್ನ ಖಣ ಅದು. ಹಸರ ಖಣ, ಕೆಂಪ ದಡಿ. ಅಂಚ ನೀನ ಹೊಲದಿದ್ದಿ, ಬಿಳಿ ದಾರಲೆ.

ಕುಂಡ್ರು. ನಿನ್ನ ಕಾಲ ಹಿಡಿತೇನಿ, ಕುಂಡ್ರು. ಹೇಳ್ತೇನಿ.

ನವರಾತ್ರಿ ಘಟಾ ಕೂಡ್ಸೂ ಮೊದ್ಲ ನೀ ಜಗಲಿ ತೊಳದಿದ್ದಿ. ಸತ್ತೆಪ್ಪ ಕಾಕಾ ತೀರಿದ ವರ್ಷ ಅವರ ಮಾರಿ ತಾಮ್ರದ ತಗಡಿನ ಮ್ಯಾಲ ಬಡಸಿ, ಟಾಕ ಮಾಡ್ಸಿ, ದೇವರ ಸಾಲಿನ್ಯಾಗ ಇಟ್ಟಿದ್ದಿ. ಬೆಳ್ಳಿದ ಮಾಡ್ಸಾಕ ಆಗಿರ್ಲಿಲ್ಲ ಆವಾಗ. ಹುಣಸಿ ಹಣ್ಣ ಹಚ್ಚಿ ತಿಕ್ಕಿ ತಿಕ್ಕಿ ಮೂಗ ಸವದಿತ್ತು, ಮೀಸಿ ಒಂದ ಉಳದಿತ್ತು. ಈ ವರ್ಷ ಬೆಳ್ಳಿದ ಮಾಡ್ಸಿದಿ. ಹಳೇದ ಮನಿಯಾಗ ಇರಬಾರ್ದು, ಹೊಳಿಗಿ ಬಿಡಬೇಕು. ಕೈ ಮುರದ ಅನ್ನಪೂರ್ಣವ್ವ, ಸವದ ಬಾಲಕೃಷ್ಣ, ಮ್ಯಾಲ ಕಾಕಾನ ಟಾಕ, ಮೂರೂ ಈ ಖಣದಾಗ ಕಟ್ಟಿ ನನ್ನ ಕೈಯಾಗ ಕೊಟ್ಟಿ. ‘ಭೋಜದ ಸಂಗಮಕ್ಕ ಹೋಗು, ನಡುವಿನ ನೀರಿಗಿ ಬಿಡು, ದಂಡಿಗಿ ಬಿಡಬ್ಯಾಡ. ನನಗ ಇಳಿಯಾಕ ಆಗಂಗಿಲ್ಲ, ನೀನ ನನ್ನ ಮಗ ಇದ್ದಂಗ’ ಅಂದಿ.

ಹೋಗಿದ್ದೆ ಚಿಗವ್ವ! ಖರೇನ ಹೋಗಿದ್ದೆ, ಗಾಡಿ ತಗೊಂಡು. ದಂಡಿ ಮ್ಯಾಲ ನಿಂತು… ಗಂಟ ಬಿಚ್ಚಿದೆ. ಯಾಕ ಬಿಚ್ಚಿದೆ? ಬಿಚ್ಚಬಾರ್ದಿತ್ತು. ಬಿಸಲಿಗಿ ಹಿತ್ತಾಳಿ ಹೊಳೀತು. ಎಂಟ ದಿನದಿಂದ ಹಿತ್ತಾಳಿ, ಹಿತ್ತಾಳಿ ಅಂತ ತಿರಗಾಡಿದ್ದೆ ನಾ. ನೀರಿಗಿ ಒಗದ್ರ ಯಾರಿಗಿ ಬಂತು ಅನಸ್ತು. ದೇವರ ಹಿತ್ತಾಳಿಲೆ ದೇವರ ಗಂಟಿ ಮಾಡಿದ್ರ ಪಾಪ ಹೆಂಗ ಬರತೈತಿ ಅನಸ್ತು. ಹುಚ್ಚ ಮನಸ, ತನಗ ಬೇಕಾದ್ದಕ್ಕ ತಾನ ಶಾಸ್ತ್ರ ಹೇಳತೈತಿ.

ಕಾಕಾನ ಟಾಕ ಹಾಕಬಾರ್ದು ಅಂತಿದ್ದೆ. ಬದಿಗಿ ಇಟ್ಟಿದ್ದೆ, ಆ ಗ್ವಾಡಿ ಮಾಡದಾಗ. ಹಿತ್ತಾಳಿ ಕರಗಿದ ಮ್ಯಾಲ ನೋಡಿದ್ರ ಕಮ್ಮಿ ಬಿತ್ತು. ಅಚ್ಚ ತುಂಬಂಗಿಲ್ಲ. ಬೊಗಸಿಯಷ್ಟೂ ಇರ್ಲಿಲ್ಲ… ಹಾಕಿದೆ. ಕಣ್ಣ ಮುಚ್ಚಿ ಹಾಕಿದೆ. ಈ ಕೈಲೇ.

ಅದಕ್ಕ ನಿನಗ ಕೊಟ್ಟೆ ಅದನ್ನ. ಮಾರ್ಲಿಲ್ಲ, ಗುಡಿಗಿ ಕೊಡ್ಲಿಲ್ಲ. ಕಾಕಾ ಜಗಲಿಗೇ ಹೊಳ್ಳಿ ಹೋಗ್ಲಿ ಅಂತ. ನೀ ಗಂಟಿ ಎದಿಗಿ ಹಿಡಕೊಂಡು ‘ನನ್ನ ಸಂಭ್ಯಾ ಮಾಡ್ಯಾನ’ ಅಂತ ಓಣಿ ತುಂಬ ತೋರಿಸಿ ಬಂದಿ. ಅವತ್ತಿಂದ ನನಗ ಮುಂಜಾನಿ ಅಂದ್ರ ಅಂಜಿಕಿ. ಗ್ವಾಡಿ ಆಚೆ ನೀ ಬಾರಸೂದು, ಈಚೆ ನಾ ಮಶೀನ ಚಾಲೂ ಮಾಡೂದು. ಒಲ್ಯಾಗ ಬೆಂಕಿ ಇರಂಗಿಲ್ಲ ಚಿಗವ್ವ! ಬರೇ ಬೂದಿಗಿ ಗಾಳಿ ಊದತೇನಿ, ನನಗ ಕೇಳಬಾರ್ದಂತ. ಶುಭಾಂಗಿ ಕೇಳ್ತಾಳ, ‘ಯಾಕ್ರಿ, ಏನ ಕೆಲಸ ಇಷ್ಟ ಲಗೂನ?’ ಅಂತ. ಅಕಿಗೂ ಹೇಳಿಲ್ಲ ನಾ.

ಬೈ. ಒಂದ ಮಾತರ ಬೈ. ಕಾಲಾಗಿನ ಚಪ್ಲಿ ತಗೊ. ಅಳೂದರ ಅಳು…

ಏನ ಮಾಡಾಕತ್ತಿ? ಗಂಟಿ ಖಣದಾಗ ಕಟ್ಟತಿ? ಮಸಿ ಹತ್ತೇತಿ ಅದಕ್ಕ, ತಡಿ, ತೊಳದ ಕೊಡ್ತೇನಿ… ಆತು, ಕಟ್ಟು. ನನಗ ತಿಳೀತು. ಕೊಡು ಇಲ್ಲೆ. ಈಗಿಂದೀಗ ಭೋಜಕ್ಕ ಹೊಕ್ಕೇನಿ. ಎದಿ ಮಟ ನೀರಾಗ ಇಳದು, ನಡುವ ಬಿಟ್ಟ ಬರ್ತೇನಿ, ಈ ಸಲ ಖರೇನ…

ಕೊಡು.

…ನನ್ನ ಕೈಯಾಗ ಕೊಡಂಗಿಲ್ಲ.

ಗಾಡಿ ಮ್ಯಾಲರ ಕುಂಡ್ರು. ನಾ ದಂಡಿ ಮ್ಯಾಲ ದೂರ ನಿಂದರ್ತೇನಿ, ಯಾರರ ಅಂಬಿಗರನ್ನ ಕರದ… ಬ್ಯಾಡ? ಗಾಡೀನೂ ಬ್ಯಾಡ?

ಹಾಂ? ಏ ಶುಭಾಂಗಿ, ಬಂದೆ! ಕೇಳ್ತು, ಸಾರ ಆಗೇತಿ ಅಂತ ಕೇಳ್ತು! ಇಲ್ಲೆ ಚಿಗವ್ವ ಬಂದಾಳ, ನೀ ಕದಾ ಹಾಕೊ, ವಾಸನಿ ಬರ್ತೈತಿ!

ಯಾಕ ನಿಂತಿ ಚಿಗವ್ವ? ಹೊಂಟಾಕಿ ಹೊಸ್ತಲದಾಗ ಯಾಕ ನಿಂತಿ? ಅಡಗಿ ಮನಿ ಕಡಿ ಏನ ನೋಡ್ತಿ…

ಅದನ್ನ ಕೇಳಬ್ಯಾಡ. ಎಲ್ಲಾ ಹೇಳೇನಲ್ಲ ನಾ. ಅದೊಂದ ಬಿಡು.

ಅವತ್ತ ನಾ ಹೊಳ್ಳಿ ಬಂದಾಗ ನೀ ಬಾಗಲದಾಗ ಕುಂತಿದ್ದಿ. ‘ಬಿಟ್ಟ ಬಂದಿ? ಏನಾರ ಕಂಡತೇನ?’ ಅಂದಿ. ನಿನ್ನ ಮಾರಿ ನೋಡಿ ಸುಮ್ಮನ ‘ಹೂಂ ಬಿಟ್ಟೆ’ ಅನ್ನೂದಾಗಲಿಲ್ಲ ನನಗ. ಗಾಡಿ ಡಿಕ್ಕ್ಯಾಗ ಗಂಟ ಹಂಗ ಇತ್ತು. ಬಾಯಿಗಿ ಬಂದದ್ದ ಹೇಳಿದೆ. ಗಂಟ ಮುಳಗಿದ ಕೂಡ್ಲೆ ಮೊಳ ಉದ್ದದ ಮೀನ ಮ್ಯಾಲ ಜಿಗೀತು, ನನ್ನ ಕಡೆ ನೋಡಿ ಒಳಗ ಹೋತು ಅಂದೆ. ನೀ ಎರಡೂ ಕೈ ಮುಗದಿ. ‘ಅವರ, ಅವರ ಬಂದಿದ್ರು’ ಅಂದಿ. ಅವತ್ತ ಮಾಡಿದ ಮೀನ ನಮ್ಮ ಮನಿಗಿ ಕೊಟ್ಟ ಕಳಿಸಿದಿ, ಅವತ್ತಿಂದ ನೀ ಮುಟ್ಟಿಲ್ಲ. ಉಂಡೆ ನಾ. ಅದನ್ನೂ ಉಂಡೆ.

ಬಂದಿರ್ಲಿಲ್ಲ ಚಿಗವ್ವ.

ಮೀನ ಬಂದಿರ್ಲಿಲ್ಲ.